ಚಪ್ಪಾಳಿ ಯಾರಿಗೆ ಬಿತ್ತು?

ಗೆಳೆಯರ, ಇದನ್ನ ನೀವ ಬಗೆಹರಿಸ್ರಿ. ಇವತ್ತ ಜಕ್ಕಲಿ ಊರಿನ ಮದುವ್ಯಾಗ ನಮ್ಮ ಮೂರು ಮಂದಿ ಬ್ಯಾಂಡಿನವ್ರು ಗಿಟಾರ್ ಹಿಡ್ಕೊಂಡು ನಾವೇ ಬರೆದ ಹಾಡು ಹಾಡಾಕತ್ತಿದ್ವಿ. ಇದ್ದಿದ್ದು ಒಂದೇ ಮೈಕ್. ಪಲ್ಲವಿ ಮುಗಿಸಿ ಉಸಿರು ತಗೊಳ್ಳೂದ್ರಾಗ ಮದುವಿ ಹುಡುಗಿ ಸೋದರಮಾವ ಮೈಕ್ ಕಸ್ಕೊಂಡು ಆಯೇರಿ, ಅಂದ್ರ ಯಾರ್ ಏನ್ ಉಡುಗೊರಿ ಕೊಟ್ರು ಅಂತ, ಕೂಗಿದ್ರು: "ಕೊಣ್ಣೂರ ಬೀಗರಿಂದ ತಾಮ್ರದ ಹಂಡೆ!"

"ಕಾಕಾರ, ಹಾಡು ಇನ್ನೂ ಮುಗದಿಲ್ರಿ."

"ಹಾಡಪಾ, ಯಾರ್ ಬ್ಯಾಡಂದ್ರು? ನೀ ಉಸಿರು ತಗೊಂಡಾಗ ನಾ ಕೂಗ್ತೀನಿ."

ಹಂಗ ನಡೀತು. ನನ್ನ ಕಡೀ ಸಾಲು ಮುಗೀತು, ಅವ್ರು "ಶಿರೋಳದವರಿಂದ ತಿಜೋರಿ!" ಅಂದ್ರು. ಮಂಟಪದ ತುಂಬ ಚಪ್ಪಾಳಿ! ಬ್ಯಾಂಡ್ ಕಟ್ಟಿದಾಗಿಂದ ಅಷ್ಟು ಚಪ್ಪಾಳಿ ಕೇಳಿಲ್ಲ ನಾವು. ಕಣ್ಣಾಗ ನೀರು ತಂದು ಕೈ ಮುಗಿದೆ. ಬಾಜೂಕ ನೋಡಿದ್ರ ತಿಜೋರಿ ಕೊಟ್ಟವರೂ ಕೈ ಮುಗಿದು ನಿಂತಿದ್ರು.

ಒಬ್ಬರನ್ನೊಬ್ಬರು ನೋಡಿದ್ವಿ. ಇಬ್ರೂ ಕೈ ಇಳಿಸಲಿಲ್ಲ.