ಇಪ್ಪತ್ತು ನಿಮಿಷ ಮುಂದಿದ್ದ ಫೋನು

ಶಿರಸಿಯಲ್ಲಿ ಯಾರಾದರೂ ನನ್ನ ಕಸುಬು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಹೇಳಿ ಪಾರಾಗುತ್ತೇನೆ. ಪೂರ್ತಿ ಹೇಳಿದರೆ ನಗುತ್ತಾರೆ. ಅಂತರ್ಜಾಲದಲ್ಲಿ ಯಾರು ಏನು ಓದಿದರು, ಯಾರೊಡನೆ ಮಾತಾಡಿದರು ಎಂಬುದು ಮೂರನೆಯವರಿಗೆ ತಿಳಿಯದಂತೆ ಕಾಯುವ ಒಂದು ತಂತ್ರಾಂಶವಿದೆ. ಅದನ್ನು ಕಟ್ಟುವ, ಕೆಟ್ಟಾಗ ರಿಪೇರಿ ಮಾಡುವ ಏಳೆಂಟು ಜನರಲ್ಲಿ ನಾನೊಬ್ಬಳು. ಜನರ ಗುರುತು ಮರೆಸುವುದೇ ನನ್ನ ವೃತ್ತಿ ಎನ್ನಿ. ಅದನ್ನು ನಡೆಸುತ್ತಿರುವುದು ಮಾತ್ರ, ಒಂದು ಕಟ್ಟು ಬಸಳೆ ಕೊಳ್ಳಲು ಹೋದರೂ ‘ನೀವು ಯಾರ ಪೈಕಿ?’ ಎಂದು ಕೇಳುವ ಊರಿನಲ್ಲಿ.

ಕೇಳುವವರನ್ನು ನಾನು ದೂರುತ್ತಿಲ್ಲ. ನಾನೂ ಆ ವಿದ್ಯೆಯಲ್ಲಿ ಪಳಗಿದವಳೇ. ಸಿದ್ದಾಪುರದ ಬಸ್ಸು ಹತ್ತಿದರೆ ಕಾನಸೂರು ಬರುವುದರೊಳಗೆ ಪಕ್ಕದವರ ಊರು, ಮನೆ, ತವರು ಮೂರೂ ತಿಳಿಯಬೇಕು. ಇಲ್ಲದಿದ್ದರೆ ಕಿಟಕಿಯ ಗಾಳಿಯೂ ಹಿತವೆನಿಸುವುದಿಲ್ಲ. ಎಲ್ಲೋ ಒಂದು ಎಳೆ ನಂಟು ಸಿಕ್ಕಿಬಿಟ್ಟರೆ ಇಳಿಯುವಾಗ ಅವರ ಚೀಲ ನನ್ನ ಕೈಯಲ್ಲಿರುತ್ತದೆ.

ನಮ್ಮ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ವಿವರಿಸಲು ನಾನು ಬಸ್ಸಿನ ಪಾರ್ಸೆಲ್ಲನ್ನೇ ಹಿಡಿದುಕೊಂಡೆ. ಸಿದ್ದಾಪುರದಿಂದ ವಜ್ರಳ್ಳಿಗೆ ಉಪ್ಪಿನಕಾಯಿ ಕಳಿಸಬೇಕು. ಮೊದಲ ಕಂಡಕ್ಟರನಿಗೆ ಕೊಟ್ಟವರ ಮುಖ ಗೊತ್ತು, ಆದರೆ ಅವನು ಶಿರಸಿಯಲ್ಲಿ ಇನ್ನೊಬ್ಬನ ಕೈಗಿಟ್ಟು ಸುಮ್ಮನಾಗುತ್ತಾನೆ. ಆ ನಡುವಿನವನಿಗೆ ಎರಡು ತುದಿಯೂ ಗೊತ್ತಿಲ್ಲ. ಯಲ್ಲಾಪುರದಲ್ಲಿ ಹತ್ತಿಸಿಕೊಂಡ ಕೊನೆಯವನಿಗೆ ಮುಟ್ಟಿಸುವ ಮನೆ ಗೊತ್ತು, ಕಳಿಸಿದವರು ಗೊತ್ತಿಲ್ಲ. ಆಯಿ ಎಲ್ಲ ಕೇಳಿ, “ಮೂರೂ ಜನ ಚಾ ಕುಡಿಯಕ್ಕಿದ್ರೆ ಮಾತಾಡ್ಕತ್ತ್ವಿಲ್ಯನೇ ಕೂಸೆ?” ಎಂದಳು. ದೇಶವಿದೇಶದ ಪಂಡಿತರು ಈ ವಿಷಯದಲ್ಲಿ ಬರೆದಿರುವ ಪ್ರಬಂಧಗಳೆಲ್ಲ ಚಿಂತಿಸುವುದು, ಮೂವರೂ ಕೂಡಿ ಮಾತಾಡಿಕೊಂಡರೆ ಗುಟ್ಟು ಉಳಿದೀತೇ ಎಂಬ ಇದೊಂದೇ ಪ್ರಶ್ನೆಯನ್ನು.

ತಂತ್ರಾಂಶದಲ್ಲಿ ಒಂದು ದೂರಿನ ಪೆಟ್ಟಿಗೆ ಇದೆ. ದೂರು ಕೊಟ್ಟವರಿಗೆ ಒಂದು ಸಂಖ್ಯೆ ಮಾತ್ರ ಸಿಗುತ್ತದೆ, ಉತ್ತರವನ್ನೂ ಆ ಸಂಖ್ಯೆಗೇ ಬರೆಯುತ್ತೇವೆ. ಕನ್ನಡದ ದೂರುಗಳು ನನ್ನ ಪಾಲಿನವು. ಬರುವುದೇ ಅಪರೂಪ. ಒಂದು ಗುರುವಾರ ಬಂತು, ಅದೂ ನಮ್ಮ ಮನೆಮಾತಿನಲ್ಲಿ:

“ಗುರುವಾರ ಗುರುವಾರ ಮೂರು ಗಂಟೆಗೆ ಒಬ್ರು ಡಾಕ್ಟ್ರು ಇದ್ರಲ್ಲಿ ಮಾತಾಡ್ತ. ಹೆಸರು ಕೇಳ್ತ್ವಿಲ್ಲೆ ಹೇಳಿ ಓದಿದ್ದಿ. ಯಂಗೆ ತೆರಿತೇ ಇಲ್ಲೆ. ಮಗು ಹುಟ್ಟಿ ನಾಲ್ಕು ತಿಂಗಳಾತು. ಎಲ್ಲರೂ ಚೊಲೋ ನೋಡ್ಕತ್ತ. ಆದ್ರೂ ದಿನಾ ಅಳು ಬರ್ತು. ಇಲ್ಲಿ ಯಾರಿಗಾದ್ರೂ ಹೇಳಿದ್ರೆ ಊರಿಗೇ ಗೊತ್ತಾಗ್ತು.”

ನಿಜ ಹೇಳುತ್ತೇನೆ, ಮೊದಲು ಎದ್ದ ಪ್ರಶ್ನೆ ‘ಏನು ಕೆಟ್ಟಿದೆ?’ ಎಂಬುದಲ್ಲ, ‘ಯಾರ ಮನೆಯದಿದು?’ ಎಂಬುದು. ನಾಲ್ಕು ತಿಂಗಳ ಹಿಂದೆ ನಾಮಕರಣದ ಕರೆ ಬಂದ ಮನೆಗಳನ್ನು ಬೆರಳಲ್ಲಿ ಎಣಿಸತೊಡಗಿದ್ದೆ. ಮೂರನೆಯ ಬೆರಳಿಗೆ ಬಂದಾಗ ನನಗೇ ನಾಚಿಕೆಯಾಗಿ ಕೈ ಮುಚ್ಚಿಕೊಂಡೆ.

ಅವಳು ಪರದೆಯ ಚಿತ್ರ ಕಳಿಸಿದ್ದಳು. ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ, ಯಾರಿಗೂ ಯಾವ ಉಪಕಾರವೂ ಇಲ್ಲದ ವಾಕ್ಯ. ಬರೆದವಳು ನಾನೇ. ಚಿತ್ರದ ಮೂಲೆಯಲ್ಲಿ ಸಮಯ ಮೂರೂ ಇಪ್ಪತ್ತೈದು. ನಮ್ಮ ಸರ್ವರಿಗೆ ದೂರು ಬಂದದ್ದು ಮೂರೂ ಆರಕ್ಕೆ. ಅಂದರೆ ತೆಗೆಯುವ ಮೊದಲೇ ಚಿತ್ರ ಬಂದು ಮುಟ್ಟಿತ್ತು! ತಪ್ಪು ಸರ್ವರಿನದೇ ಎಂದು ತೀರ್ಮಾನಿಸಿ ಎರಡು ದಿನ ಅದನ್ನು ಕೆದಕಿದೆ. ಏನೂ ಸಿಗಲಿಲ್ಲ. ಮುಂದಿನ ಗುರುವಾರವೂ ಬಂದು ಹೋಯಿತು. ದೂರು ಈ ಸಲ ಒಂದೇ ಸಾಲು: “ಇವತ್ತೂ ಆಜಿಲ್ಲೆ.” ಇವತ್ತೂ ಬಾಗಿಲು ತೆರೆದಿಲ್ಲ ಎಂಬ ಆ ಸಾಲು ಮರುದಿನ ನನ್ನನ್ನು ಊಟಕ್ಕೆ ಕೂರಲು ಬಿಡಲಿಲ್ಲ.

ಊಟಕ್ಕೆ ಕರೆದು ಕರೆದು ಸಾಕಾದ ಆಯಿ ಗೋಡೆಯ ಗಡಿಯಾರ ತೋರಿಸಿದಳು. ಒಂದೂವರೆ. ನನ್ನ ಕಂಪ್ಯೂಟರಿನಲ್ಲಿ ಒಂದೂ ಕಾಲು. “ಅದು ಮುಂದೆ ಇದ್ದಲೆ ಆಯಿ,” ಎಂದೆ. “ಸಮ ಇಟ್ರೆ ಬಸ್ಸು ತಪ್ತು,” ಎಂದಳು ಆಯಿ, ನಾನು ಹುಟ್ಟಿದಾಗಿನಿಂದ ಹೇಳುತ್ತ ಬಂದ ಮಾತನ್ನು.

ಆಗ ಹೊಳೆಯಿತು. ದಿನಕ್ಕೆರಡೇ ಬಸ್ಸು ಬರುವ ನಮ್ಮ ಹಳ್ಳಿಗಳಲ್ಲಿ ಗಡಿಯಾರ ಯಾವತ್ತು ಸರಿಯಾಗಿ ನಡೆದಿದೆ? ಗೋಡೆಯ ಪದ್ಧತಿ ಈಗ ಫೋನಿಗೂ ದಾಟಿದೆ, ಅಷ್ಟೆ. ಫೋನಿನ ಸಮಯಕ್ಕೂ ನಮ್ಮ ಸಮಯಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕಳ್ಳರಿರಬಹುದೆಂದು ಬಾಗಿಲು ತೆಗೆಯಬೇಡ ಎಂದು ತಂತ್ರಾಂಶಕ್ಕೆ ಹೇಳಿಕೊಟ್ಟವಳು ನಾನು. ಅದೇ ಗಡಿಯಾರದ ಕೆಳಗೆ ಅನ್ನ ಉಂಡು ಬೆಳೆದವಳು!

ಗಡಿಯಾರ ಸರಿಮಾಡಿಕೊಳ್ಳಬಹುದೇ ಎಂದು ಆ ಸಂಖ್ಯೆಗೆ ಬರೆದೆ. ಉತ್ತರ ಬಂತು: “ಮನೆಗೆಲ್ಲಾ ಇದೊಂದೇ ಫೋನು. ಸಮ ಮಾಡಿದ್ರೆ ಅತ್ತೆ ಎಂತಕ್ಕೆ ಹೇಳಿ ಕೇಳ್ತು.”

ನಮ್ಮ ತಂಡದ ಸಭೆಯಲ್ಲಿ ವಿಷಯ ಇಟ್ಟೆ. ಬಳಸುವವರು ಗಡಿಯಾರ ಸರಿಯಿಟ್ಟುಕೊಳ್ಳಲಿ, ಒಬ್ಬರಿಗಾಗಿ ಬಾಗಿಲು ಬದಲಿಸುವುದೇ ಎಂದರು ಹಿರಿಯರೊಬ್ಬರು. “ನಿಮ್ಮ ಮನೆ ಮುಂದೆ ದಿನಕ್ಕೆ ಎಷ್ಟು ಬಸ್ಸು ಸರ್?” ಎಂದು ಕೇಳಿದೆ. ಅವರು ಎಣಿಸಿರಲಿಲ್ಲ. ಎಣಿಸುವ ಅಗತ್ಯವಿಲ್ಲದವರು ಗಡಿಯಾರದ ಬಗ್ಗೆ ಕಾನೂನು ಮಾಡಬಾರದು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಕೊನೆಗೆ ಫೋನು ತನ್ನ ಪಾಡಿಗೆ ಎಷ್ಟು ಗಂಟೆ ಎಂದಾದರೂ ಹೇಳಿಕೊಳ್ಳಲಿ, ಅಂತರವನ್ನು ತಂತ್ರಾಂಶವೇ ಸದ್ದಿಲ್ಲದೆ ಸರಿದೂಗಿಸಲಿ ಎಂದಾಯಿತು. ಬುಧವಾರ ಸಂಜೆ ಹೊಸ ಆವೃತ್ತಿ ಹೊರಟಿತು.

ಗುರುವಾರ ಮೂರು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತೆ. ಕೂತು ಪ್ರಯೋಜನವಿರಲಿಲ್ಲ. ಯಾರು ಒಳಗೆ ಹೋದರೆಂದು ನನಗೂ ಕಾಣದ ಹಾಗೆ ಕಟ್ಟಿದವರು ನಾವೇ ತಾನೆ. ನಾಲ್ಕರ ಹೊತ್ತಿಗೆ ಪೆಟ್ಟಿಗೆಯಲ್ಲಿ ಒಂದು ಸಾಲು ಬಿತ್ತು: “ತೆರೆತು. ಮಾತಾಡ್ದಿ. ಡಾಕ್ಟ್ರು ಹೆಸರು ಕೇಳಿದ್ವಿಲ್ಲೆ.” ನನಗೆ ಅಳು ಬಂತು. ಆಯಿ ಬಂದು ಏನೆಂದು ಕೇಳಿದಳು. ಈರುಳ್ಳಿ ಹೆಚ್ಚುತ್ತಿದ್ದೆ ಎಂದೆ, ಕಂಪ್ಯೂಟರಿನ ಮುಂದೆ.

ಕೆಲವು ವಾರ ಕಳೆದು ಅದೇ ಸಂಖ್ಯೆಯಿಂದ ಕೊನೆಯ ಸಾಲು ಬಂತು: “ಈಗ ಅಳು ಬರ್ತಿಲ್ಲೆ.” ಮೊನ್ನೆ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬಳು ಕೂತಳು. ತೊಡೆಯ ಮೇಲೆ ಆಗಷ್ಟೇ ಹಲ್ಲು ಬಂದ ಮಗು. ಫೋನು ತೆಗೆದು ಸಮಯ ನೋಡಿದಳು. ನನ್ನ ಕೈಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ಮುಂದಿತ್ತು. ತಾಲೂಕಿನ ಅರ್ಧ ಫೋನುಗಳು ಹಾಗೇ ಇದ್ದಾವು. ಆದರೂ ನನ್ನ ನಾಲಿಗೆ ತುದಿಗೆ ಆ ಹಳೆಯ ಪ್ರಶ್ನೆ ಬಂದು ನಿಂತಿತು. ನುಂಗಿದೆ. “ಮಗೀಗೆ ಕಿಟಕಿ ಬೇಕಾ?” ಎಂದಷ್ಟೇ ಕೇಳಿ ಜಾಗ ಬಿಟ್ಟುಕೊಟ್ಟೆ. ಅವಳು ನಕ್ಕು, “ನಿಮ್ಮನೆ ಯಾವೂರಾಯ್ತು? ಯಾರ ಪೈಕಿ?” ಎಂದು ಶುರುಮಾಡಿದಳು. ನಾನು ಊರು, ಮನೆ, ತವರು, ಅಜ್ಜನ ಹೆಸರು ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಅವಳು ನಗುತ್ತಲೇ ಇದ್ದಳು, ಮಗು ನನ್ನ ಬೆರಳು ಕಚ್ಚುತ್ತಿತ್ತು.

ಅವಳು ಎಲ್ಲಿ ಇಳಿದಳು ಎಂದು ತಾನೇ ಈಗ ನಿಮ್ಮ ಪ್ರಶ್ನೆ? ನಿಮ್ಮನ್ನು ಬಲ್ಲೆ, ನೀವೂ ನಮ್ಮವರೇ. ಅದಕ್ಕೇ ವಾರ ಗುರುವಾರ ಎಂದದ್ದು, ನಿಮಿಷ ಇಪ್ಪತ್ತು ಎಂದದ್ದು, ತಿಂಗಳು ನಾಲ್ಕು ಎಂದದ್ದು ಎಲ್ಲವನ್ನೂ ಮೊದಲೇ ಬದಲಾಯಿಸಿ ಬರೆದಿದ್ದೇನೆ. ಅಳು ನಿಂತದ್ದೊಂದು ಮಾತ್ರ ಇದ್ದದ್ದು ಇದ್ದ ಹಾಗೆ.