ಮೊಮ್ಮಗಳಿಗೆ ಬರೆದ ಟೈಂಟೇಬಲ್ಲು

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಮೂವತ್ತು ವರ್ಷ ಕೂತವನು ನಾನು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ತಡವಾಯಿತು, ಯಾಕೆ ಎಂದು ಬರೆದಿಡದಿದ್ದರೆ ನನಗೆ ಊಟ ಸೇರುವುದಿಲ್ಲ. ನಿವೃತ್ತನಾಗಿ ಚನ್ನರಾಯಪಟ್ಟಣದ ಮಗನ ಮನೆಗೆ ಬಂದ ಮೇಲೆ ಬಸ್ಸುಗಳಿಲ್ಲದೆ ಹಾಲಿನವನನ್ನು, ಪೇಪರಿನವನನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಆಮೇಲೆ ಮೊಮ್ಮಗಳ ಸರದಿ ಬಂತು.

ಆರನೇ ಕ್ಲಾಸಿನ ಹುಡುಗಿ. ಹೋಂವರ್ಕಿಗೆ ಕೂತರೆ ಒಂದು ಸಾಲು ಬರೆಯುತ್ತಾಳೆ, ಪೆನ್ಸಿಲ್ ಹೆರೆಯಲು ಏಳುತ್ತಾಳೆ, ದಾರಿಯಲ್ಲಿ ಬೆಕ್ಕು ಸಿಗುತ್ತದೆ, ಪೆನ್ಸಿಲ್ ಬೆಕ್ಕಿನ ಬಳಿಯೇ ಉಳಿಯುತ್ತದೆ. ಹಾಸನದ ಡಾಕ್ಟರು ಅವಳನ್ನು ಎರಡು ಸಲ ನೋಡಿ, ಶಾಲೆಯ ಟೀಚರನ್ನೂ ವಿಚಾರಿಸಿ, ಇದು ಎಡಿಎಚ್‌ಡಿ ಎಂದರು. ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಗಮನ ಒಂದು ಕಡೆ ನಿಲ್ಲುವುದು ಈ ಮಕ್ಕಳಿಗೆ ಕಷ್ಟ. ಮಾತ್ರೆಯ ವಿಚಾರ ಎರಡು ತಿಂಗಳು ಬಿಟ್ಟು ನೋಡೋಣ, ಅಲ್ಲಿಯವರೆಗೆ ನಿದ್ದೆ, ಊಟ, ಆಟ, ಪಾಠ ಒಂದು ಕ್ರಮಕ್ಕೆ ಬರಲಿ ಎಂದರು. ಕ್ರಮ ಎಂದ ಕೂಡಲೇ ನಾನು ನೆಟ್ಟಗೆ ಕೂತೆ. ಇದು ನನ್ನ ಇಲಾಖೆ.

ನಾನು ಗೆರೆ ಎಳೆದು ಟೈಂಟೇಬಲ್ ಮುಗಿಸುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ತನ್ನ ಚಿಕಿತ್ಸೆ ಶುರುಮಾಡಿದ್ದಳು. ದಿನಾ ಒಂದೆಲಗದ ಚಟ್ನಿ.

"ಇದ್ ತಿಂದ್ರೆ ಜ್ಞಾಪ್ಕ ಚೆನ್ನಾಗ್ ಆಯ್ತದೆ ಕಣವ್ವ."

"ನೀನು ತಿಂದಿದ್ಯಾ ಅಜ್ಜಿ?"

"ಸಣ್ಣವ್ಳಾಗಿದ್ದಾಗ್ಲಿಂದ ತಿಂತಾ ಇವ್ನಿ."

"ಮತ್ತೆ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ನನ್ನೇ ಕೇಳ್ತೀಯ?"

ಅಜ್ಜಿ ಸೌಟು ತೋರಿಸಿದಳು. ಅರಕಲಗೂಡಿನಿಂದ ನನ್ನ ತಂಗಿ ಫೋನ್ ಮಾಡಿ, ಅಂಗಡಿಯಲ್ಲಿ ಬುದ್ಧಿಪುಡಿ ಸಿಗುತ್ತದೆ, ಕಳಿಸಲೇ ಎಂದಳು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಚಟ್ನಿ ಅಡ್ಡಿಯಿಲ್ಲ, ಹೆಸರಿಲ್ಲದ ಪುಡಿ ಮಾತ್ರ ಬೇಡ ಎಂದರು. ತಂಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಇದರ ನಡುವೆ ಮೊಮ್ಮಗಳು ಶಾಲೆಯ ಖೋ-ಖೋ ತಂಡಕ್ಕೆ ಆಯ್ಕೆಯಾದಳು. ತಾಲ್ಲೂಕು ಪಂದ್ಯಕ್ಕೆ ಹೋಗಬೇಕಾದರೆ ತಿಂಗಳ ಕೊನೆಯೊಳಗೆ ಮನೆಯವರ ಸಹಿ ಬೇಕು. ಸೊಸೆ ಖಡಾಖಂಡಿತವಾಗಿ ಹೇಳಿದಳು: "ಮೊದ್ಲು ಹೋಂವರ್ಕ್ ಮುಗ್ಸೋದು ಕಲೀಲಿ ಮಾವ, ಆಮೇಲೆ ಸೈನು." ಹುಡುಗಿ ಫಾರಂ ಅನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೋಗುತ್ತಾ ಬರುತ್ತಾ ಮುಟ್ಟಿ ನೋಡುತ್ತಿದ್ದಳು.

ನಾನು ಎಡವಿದ್ದು ಅಲ್ಲೇ. ಅರಕಲಗೂಡಿನಿಂದ ಬಸ್ಸು ತಡವಾಗಿ ಬಂದರೆ ನಮ್ಮ ನಿಲ್ದಾಣದಲ್ಲಿ ಅದರ ಟೀ ಬಿಡುವು ಕತ್ತರಿಸಿ ಮುಂದಕ್ಕೆ ಓಡಿಸುತ್ತಿದ್ದೆ. ಹೋಂವರ್ಕ್ ತಡವಾಗುತ್ತಿದೆ, ಹಾಗಾದರೆ ಸಂಜೆಯ ಒಂದು ಗಂಟೆಯ ಖೋ-ಖೋ ಅಭ್ಯಾಸವನ್ನು ಕತ್ತರಿಸು. ಕೆಂಪು ಶಾಯಿಯಲ್ಲಿ ಗೀಟು ಹೊಡೆದೆ.

"ತಾತ, ನಾನೇನ್ ಬಸ್ಸಾ?"

"ಬಸ್ಸಾಗಿದ್ರೆ ಎಷ್ಟೋ ವಾಸಿ. ಹೇಳಿದ ಕಡೆ ನಿಲ್ತಿತ್ತು."

ಆ ವಾರ ಪೆನ್ಸಿಲ್ ಮೂರು ಸಲ ಕಳೆದುಹೋಯಿತು, ಕುರ್ಚಿ ಎರಡು ಸಲ ಮಗುಚಿತು, ಒಂದು ದಿನವೂ ಹೋಂವರ್ಕ್ ಪೂರ್ತಿ ಆಗಲಿಲ್ಲ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಹುಡುಗಿ ಪತ್ತೆಯಿಲ್ಲ. ಒಂದು ಗಂಟೆ ತಡವಾಗಿ ಮೈತುಂಬ ಮಣ್ಣು ಮಾಡಿಕೊಂಡು ಬಂದಳು. ಕದ್ದು ಆಡಿದ್ದಾಳೆಂದು ಕೇಳಬೇಕಾಗಿರಲಿಲ್ಲ. ಬೈಯಲು ಬಾಯಿ ತೆರೆದೆ. ಅವಳು ಕೈಕಾಲು ತೊಳೆದು, ಚೌಚೌ ತಿಂದು, ಲೆಕ್ಕದ ಪುಸ್ತಕ ಬಿಡಿಸಿ, ಮೂವತ್ತೈದು ನಿಮಿಷದಲ್ಲಿ ಹತ್ತೂ ಲೆಕ್ಕ ಮಾಡಿಟ್ಟಳು. ಕೈಗಡಿಯಾರ ನಿಂತಿರಬಹುದೆಂದು ನಾನು ಕಿವಿಗೆ ಹಿಡಿದು ನೋಡಿದೆ.

ಮತ್ತೆ ನೋಟ್‌ಬುಕ್ ಹಿಂದಕ್ಕೆ ತಿರುವಿದೆ. ನಾನು ಗೀಟು ಹೊಡೆಯುವ ಮೊದಲು ಯಾವ ದಿನ ಆಡಿ ಬಂದಿದ್ದಳೋ ಆ ದಿನಗಳಲ್ಲಿ ಹೆಚ್ಚುಕಮ್ಮಿ ಹೋಂವರ್ಕ್ ಮುಗಿದಿತ್ತು. ಬರೆದವನೂ ನಾನೇ, ಓದದೆ ಬಿಟ್ಟವನೂ ನಾನೇ. ಡಾಕ್ಟರು ಹೇಳಿದ ಪಟ್ಟಿಯಲ್ಲಿ ಆಟವೂ ಇತ್ತಲ್ಲ!

ನೋಟ್‌ಬುಕ್ ಅನ್ನು ಸೊಸೆಯ ಮುಂದೆ ಇಟ್ಟೆ. ಅವಳು ಪುಟ ತಿರುವುತ್ತಾ ಹುಬ್ಬೇರಿಸಿದಳು. "ಮಾವ, ನಾನು ಆಫೀಸಿಂದ ಲೇಟಾಗ್ ಬಂದಿದ್ದೂ ಬರ್ದಿದ್ದೀರಾ?"

"ಕಾರಣದ ಕಾಲಂ ಖಾಲಿ ಬಿಟ್ಟಿದ್ದೀನಿ ನೋಡಮ್ಮ."

ನಕ್ಕಳು. ಅದೇ ಸಮಯವೆಂದು ತಪ್ಪು ನನ್ನದೆಂದು ಒಪ್ಪಿಕೊಂಡೆ. ಒಂದು ವಾರ ಆಡಿಸಿ ನೋಡೋಣ, ಆಗದಿದ್ದರೆ ಇಲ್ಲ ಎಂದಳು. ಹೊಸ ಟೈಂಟೇಬಲ್ಲಿನಲ್ಲಿ ಆಟ ಮೊದಲು, ಪಾಠ ಆಮೇಲೆ, ನಡುವೆ ಹದಿನೈದು ನಿಮಿಷಕ್ಕೊಮ್ಮೆ ಅಂಗಳ ಸುತ್ತಿ ಬರಲು ಬಿಡುವು. ಆರು ದಿನಗಳಲ್ಲಿ ನಾಲ್ಕು ದಿನ ಹೋಂವರ್ಕ್ ಮುಗಿಯಿತು. ಇನ್ನೆರಡು ದಿನ ಬೆಕ್ಕು ಗೆದ್ದಿತು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರೇ ಹೇಳಬೇಕು. ಆ ದಿನಕ್ಕೆ ನೋಟ್‌ಬುಕ್ ಸಿದ್ಧವಾಗಿದೆ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಸೊಸೆ ಫಾರಂ ಅನ್ನು ಮೇಜಿನ ಮೇಲಿಟ್ಟು ಸಹಿ ಹಾಕಿದಳು. ಹುಡುಗಿ ಕಿರುಚಿ, ಅಮ್ಮನನ್ನು ತಬ್ಬಿ, ಟೀಚರಿಗೆ ಹೇಳಬೇಕೆಂದು ಓಟ ಕಿತ್ತಳು. ಫಾರಂ ಮೇಜಿನ ಮೇಲೇ ಇತ್ತು.

ಎತ್ತಿಕೊಂಡು ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ನಾನು ಓಡಿ ಎಷ್ಟು ವರ್ಷವಾಗಿತ್ತೋ. ಫಾರಂ ನೆನಪಾಗಿ ತಿರುವಿನಲ್ಲಿ ನಿಂತಿದ್ದ ಅವಳು ನನ್ನನ್ನು ಕಂಡು, ಖೋ-ಖೋ ಕಲಿಸುವ ಟೀಚರಂತೆ ಸೊಂಟಕ್ಕೆ ಕೈಯಿಟ್ಟಳು.

"ಬಾ ತಾತ, ಬೇಗ! ಬಗ್ಗಿ ಓಡು, ಬಗ್ಗಿ!"