ಅರ್ಜಿ ತುಂಬಿ ಕಾಶಿಗೆ ಹೋದದ್ದು

ನಾನು ಇಪ್ಪತ್ತನೆಯ ವಯಸ್ಸಿಗೇ ಕಾಶಿಗೆ ಹೋಗಿಬಂದವಳು ಎಂದೊಡನೆ ದಯವಿಟ್ಟು ನನ್ನ ಭಕ್ತಿಯನ್ನು ಮೆಚ್ಚಿಕೊಳ್ಳಬೇಡಿ. ಉಳಿದವರು ಹರಕೆ ಹೊತ್ತು ಹೋಗುತ್ತಾರೆ. ನಾನು ಅರ್ಜಿ ತುಂಬಿ ಹೋದೆ.

ಎಪ್ಪತ್ತರ ದಶಕದ ಆರಂಭ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಮಗ್ಗಗಳು ದಿನವಿಡೀ ಕಟಕಟ ಎನ್ನುತ್ತಿದ್ದವು. ಅವುಗಳಿಗಿಂತ ಜೋರಾಗಿ ಕೂಗಿದರೆ ಮಾತ್ರ ಮಾತು ಕೇಳಿಸುತ್ತಿದ್ದುದರಿಂದ ಗುಟ್ಟೆಂಬುದೇ ನಮ್ಮಲ್ಲಿರಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನ ಬೋರ್ಡಿನಲ್ಲಿ ಒಂದು ಪ್ರಕಟಣೆ ಕಂಡೆ. ಧರ್ಮಗಳ ಬಗ್ಗೆ ಎಂ.ಎ. ಮಾಡಬಯಸುವವರು ಅಂಥ ವಿಭಾಗವೊಂದನ್ನು ಮೊದಲು ಕಣ್ಣಾರೆ ನೋಡಿ ಬರಲಿ ಎಂದು ಬೆಂಗಳೂರಿನ ಯಾವುದೋ ಟ್ರಸ್ಟು ಮೂರನೇ ದರ್ಜೆಯ ರೈಲು ಖರ್ಚು ಕೊಡುತ್ತದಂತೆ. ನಿಜ ಹೇಳಿಬಿಡುತ್ತೇನೆ: ಆಗ ನನ್ನನ್ನು ಸೆಳೆದದ್ದು ಧರ್ಮವಲ್ಲ, ರೈಲು. ಅದುವರೆಗಿನ ನನ್ನ ಮಹಾಯಾತ್ರೆ ಎಂದರೆ ಶಿವಗಂಗೆ. ಅರ್ಜಿಯಲ್ಲಿ ‘ಜಿಜ್ಞಾಸೆ’ ಎಂಬ ಪದವನ್ನು ಮೂರು ಕಡೆ ತುರುಕಿದೆ. ಕಾಶಿಯ ವಿಶ್ವವಿದ್ಯಾಲಯದ ವಿಭಾಗ ನೋಡಿಬರಲು ಮಂಜೂರಾಯಿತು!

ಉಪನಿಷತ್ತಿನ ಕಾಲದ ಶಿಷ್ಯರು ಸಮಿತ್ತಿನ ಹೊರೆ ಹೊತ್ತು ಗುರುಗಳನ್ನು ಹುಡುಕಿಕೊಂಡು ನಡೆದೇ ಹೋಗುತ್ತಿದ್ದರಂತೆ. ಅವರಲ್ಲಿ ಯಾರಾದರೂ ಹೋಗಿಬರುವ ಖರ್ಚು ಕೇಳಿದ ಉಲ್ಲೇಖ ನನಗೆಲ್ಲೂ ಸಿಕ್ಕಿಲ್ಲ. ಖರ್ಚು ಸಿಕ್ಕಮೇಲೆ ಮಾನ ಉಳಿಸಿಕೊಳ್ಳೋಣವೆಂದು ಲೈಬ್ರರಿಯಿಂದ ನಾಲ್ಕು ಪುಸ್ತಕ ತಂದೆ. ಓದುತ್ತ ಓದುತ್ತ ನನಗೆ ನಿಜವಾಗಿಯೂ ಹುಚ್ಚು ಹಿಡಿಯಿತು. ಓದಿದರೆ ಇದನ್ನೇ ಓದಬೇಕು ಅನ್ನಿಸಿಬಿಟ್ಟಿತು.

ಬೀದಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? “ಈ ವಯಸ್ಸಿಗೇ ಕಾಶಿಗಾ? ಅಂಥಾ ಪಾಪ ಏನ್ ಮಾಡ್ದೇ ತಾಯಿ?” ಎಂದರು ಎದುರುಮನೆಯ ಗೌರಕ್ಕ. ಕೇಳಿದ್ದಾದ ಮೇಲೆ ಗಂಗಾಜಲಕ್ಕೆಂದು ಒಂದು ತಂಬಿಗೆಯನ್ನೂ ತಂದಿಟ್ಟರು. ಅವರನ್ನು ನೋಡಿ ಇನ್ನೂ ನಾಲ್ಕು ಮನೆಯವರು ತಂದರು. ಅಪ್ಪನಿಗಂತೂ ಪೀಕಲಾಟ. ದೇವನಹಳ್ಳಿ ಕಡೆಯ ಸಂಬಂಧವೊಂದು ಬಂದು ನನ್ನನ್ನು ಒಪ್ಪಿಕೊಂಡು ಹೋಗಿತ್ತು. ಅಪ್ಪ ಓದು ಅನ್ನಲಾರ, ಬೇಡ ಅನ್ನಲಾರ. ಕೊನೆಗೆ ಭಾರವನ್ನೆಲ್ಲ ಅಜ್ಜಿಯ ತಲೆಗೆ ಕಟ್ಟಿದ: “ನಮ್ಮಮ್ಮ ಜೊತೇಲಿ ಬಂದು ನೋಡ್ಲಿ. ಅವಳು ಹೂಂ ಅಂದ್ರೆ ಓದು, ಉಹೂಂ ಅಂದ್ರೆ ಮದುವೆ. ಆಮೇಲೆ ನನ್ನ ಕೇಳ್ಬೇಡ.”

ಅಜ್ಜಿಗೂ ಖರ್ಚು ಕೊಡುವಿರಾ ಎಂದು ಟ್ರಸ್ಟಿಗೆ ಬರೆದೆ. ವಾರದೊಳಗೆ ಉತ್ತರ ಬಂತು: “ತಮ್ಮ ಅಜ್ಜಿಯವರೂ ಎಂ.ಎ. ಮಾಡಲಿಚ್ಛಿಸುವುದಾದರೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.” ಅಜ್ಜಿ ತನ್ನ ಟಿಕೆಟನ್ನು ತಾನೇ ತೆಗೆಸಿದಳು.

ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಆ ವಿಭಾಗದ ಪ್ರೊಫೆಸರರ ಮುಂದೆ ಆಡಬೇಕಾದ ಇಂಗ್ಲಿಷನ್ನು ಉರು ಹೊಡೆದೆ. ಎಲ್ಲ ದಂಡ. ಆ ಪುಣ್ಯಾತ್ಮರು ಆಂಧ್ರದವರು. ನಮ್ಮಜ್ಜಿಯ ತವರು ಹಿಂದೂಪುರದ ಕಡೆ. ಇಬ್ಬರೂ ತೆಲುಗಿಗೆ ಇಳಿದರು ನೋಡಿ, ಒಂದು ಗಂಟೆ ನನ್ನ ಕಡೆ ತಿರುಗಿದವರಿಲ್ಲ. ನೀವು ಯಾವ ದೇವರನ್ನು ಪೂಜಿಸುತ್ತೀರಿ ಎಂದು ಅವರು ಕೇಳಿದರು. ಅಜ್ಜಿ ಮನೆದೇವರಿಂದ ಹಿಡಿದು, ಮಕ್ಕಳಿಗೆ ಜ್ವರ ಬಂದಾಗ ತಾಯತ ಕಟ್ಟಿಸುವ ದರ್ಗಾದವರೆಗೆ ಒಂದನ್ನೂ ಬಿಡದೆ ಹೇಳಿದಳು. ಅವರು ಬರೆದುಕೊಳ್ಳತೊಡಗಿದರು! ಶಿವಗಂಗೆಯ ಲಿಂಗಕ್ಕೆ ತುಪ್ಪ ಹಚ್ಚಿದರೆ ಬೆಣ್ಣೆಯಾಗುತ್ತದೆ ಎಂದಾಗ ಪೆನ್ನು ನಿಲ್ಲಿಸಿ, “ಅದು ಹೇಗಮ್ಮಾ?” ಎಂದರು.

“ಚೆನ್ನಾಗಿದೆ! ಅದನ್ನ ಹೇಳ್ಕೊಡೋಕೆ ತಾನೇ ಸ್ವಾಮಿ ನಿಮಗೆ ಸಂಬಳ ಕೊಡೋದು?” ಎಂದಳು ಅಜ್ಜಿ.

ನಾನು ಕೂತಲ್ಲೇ ಭೂಮಿಗಿಳಿದುಹೋದೆ. ಆಮೇಲೆ ಅವಳು ಹುಡುಗಿಯರ ಹಾಸ್ಟೆಲಿಗೆ ಹೋಗಿ ಬಾಗಿಲ ಚಿಲಕ ಎಳೆದು ನೋಡಿದಳು, ಬಚ್ಚಲು ನೋಡಿದಳು, ಮುದ್ದೆ ಸಿಗುವುದಿಲ್ಲವೆಂದು ತಿಳಿದು “ಅಯ್ಯೋ ಶಿವನೇ” ಎಂದಳು. ಗಂಗೆಯಲ್ಲಿ ಮುಳುಗೆದ್ದೆವು, ಐದೂ ತಂಬಿಗೆ ತುಂಬಿಸಿಕೊಂಡೆವು. ಹೂಂ ಇಲ್ಲ, ಉಹೂಂ ಇಲ್ಲ. ವಾಪಸು ರೈಲಿನಲ್ಲಿ ಅವಳು ಕಡಲೆಕಾಯಿ ಸುಲಿಯುತ್ತ ಕಿಟಕಿ ನೋಡಿದಳು. ನಾನು ಅವಳ ಮುಖ ನೋಡಿದೆ. ಕೇಳುವ ಧೈರ್ಯ ಎಲ್ಲಿಂದ ತರಲಿ? ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ!

ಮನೆಗೆ ಬಂದಾಗ ಬೀದಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ಅಪ್ಪ ಮಗ್ಗ ನಿಲ್ಲಿಸಿದ್ದ. ತಂಬಿಗೆ ತೆಗೆದುಕೊಂಡ ಗೌರಕ್ಕ, “ಅಲ್ಲಿ ಏನ್ ಬಿಟ್ಟು ಬಂದ್ರಿ?” ಎಂದು ವಿಚಾರಿಸಿದರು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಇನ್ನು ಮುಟ್ಟುವುದಿಲ್ಲವೆಂದು ಅಲ್ಲಿ ಬಿಟ್ಟು ಬರಬೇಕು. ನಾನು ಗಂಭೀರವಾಗಿ “ಹಾಗಲಕಾಯಿ” ಎಂದೆ.

“ಅದನ್ನ ನೀನು ಹುಟ್ಟಿದಾಗ್ಲೇ ಬಿಟ್ಟಿದೀಯಲ್ಲೇ!” ಎಂದಳು ಅಮ್ಮ. ಎಲ್ಲರೂ ನಕ್ಕರು.

“ನೀವು, ಅಜ್ಜೀ? ಕಾಫೀನಾ, ಅವರೆಕಾಳಾ?” ಎಂದರು ಗೌರಕ್ಕ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವೆಲ್ಲ ಏನ್ ಮಹಾ ಇಷ್ಟ? ಇವಳನ್ನ ಬಿಟ್ಟೆ ಕಣೇ,” ಎಂದು ನನ್ನ ಕಡೆ ಕೈ ತೋರಿಸಿದಳು. ಅಪ್ಪನಿಗೆ, “ಪರೀಕ್ಷೆ ಮುಗಿದ ಮೇಲೆ ಅಲ್ಲಿಗೇ ಹೋಗಿ ಓದ್ಲಿ. ದೇವನಹಳ್ಳಿಯವರಿಗೆ ಹೇಳ್ಕಳ್ಸು,” ಎಂದು ಹೇಳಿ, ನಮಗೆ ಬೆನ್ನು ಹಾಕಿ, ನೂಲು ಸುತ್ತುವ ರಾಟೆಯ ಮುಂದೆ ಕೂತಳು. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಎಂ.ಎ. ಮಾಡಿದೆ, ಜೀವಮಾನವಿಡೀ ಧರ್ಮವನ್ನೇ ಪಾಠ ಹೇಳಿದೆ. ತ್ಯಾಗದ ವಿಷಯ ಬಂದಾಗಲೆಲ್ಲ ಹುಡುಗರು ಒಂದು ಉದಾಹರಣೆ ಕೊಡಿ ಎನ್ನುತ್ತಿದ್ದರು. ಅಜ್ಜಿಯದನ್ನು ಕೊಡುತ್ತಿದ್ದೆ. ನನ್ನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಹಾಗಲಕಾಯಿಯನ್ನು ಇವತ್ತಿಗೂ ಮುಟ್ಟಿಲ್ಲ, ಮಾತೆಂದರೆ ಮಾತು.